ಇಎಸ್‌ಪಿ32ರ ಎಡಿಸಿ ಅಳತೆ ಮಲ್ಟಿಮೀಟರಿಗೆ ತಾಳೆಯಾಗುವಂತೆ ಮಾಡುವುದು ಹೇಗೆ?

12 ವೋಲ್ಟ್ ಲೆಡ್-ಆಸಿಡ್ ಬ್ಯಾಟರಿಯನ್ನು ಎರಡು ರೆಸಿಸ್ಟರ್‌ಗಳ ಡಿವೈಡರ್ (ವೋಲ್ಟೇಜನ್ನು ನಿಗದಿತ ಪ್ರಮಾಣದಲ್ಲಿ ತಗ್ಗಿಸುವ ಜೋಡಣೆ) ಮೂಲಕ ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಚಿಪ್‌ಗೆ ಜೋಡಿಸಿ, ಅದರ ಎಡಿಸಿ (ವೋಲ್ಟೇಜನ್ನು ಸಂಖ್ಯೆಯಾಗಿ ಬದಲಿಸುವ ಭಾಗ) ಕೊಟ್ಟ ಸಂಖ್ಯೆಯನ್ನು 3.3ರಿಂದ ಗುಣಿಸಿ 4095ರಿಂದ ಭಾಗಿಸುತ್ತಿದ್ದೀರಿ. ಫಲಿತಾಂಶ ಮಲ್ಟಿಮೀಟರಿಗೆ ತಾಳೆಯಾಗುವುದಿಲ್ಲ, ಒಂದು ಬೋರ್ಡಿಗೆ ಹೊಂದಿಸಿದ ಗುಣಕ ಇನ್ನೊಂದಕ್ಕೆ ಒಗ್ಗುವುದಿಲ್ಲ ಎಂದಿದ್ದೀರಿ. ತೊಂದರೆಯ ಮೂಲ ಆ ಸೂತ್ರದಲ್ಲೇ ಇದೆ. ಈ ಚಿಪ್‌ನ ಎಡಿಸಿ 3.3 ವೋಲ್ಟ್ ಸರಬರಾಜನ್ನು ಆಧಾರವಾಗಿ ಇಟ್ಟುಕೊಳ್ಳುವುದಿಲ್ಲ. ಅದರೊಳಗೆ 1.1 ವೋಲ್ಟ್‌ನ ರೆಫರೆನ್ಸ್ ಒಂದಿದ್ದು, ಅದರ ನಿಜವಾದ ಬೆಲೆ ಚಿಪ್‌ನಿಂದ ಚಿಪ್‌ಗೆ 1.0ರಿಂದ 1.2 ವೋಲ್ಟ್‌ವರೆಗೆ ಬದಲಾಗಬಹುದು. ಹೀಗಿರುವಾಗ ಎರಡು ಬೋರ್ಡುಗಳು ಒಂದೇ ಉತ್ತರ ಕೊಟ್ಟರೆ ಅದು ಕಾಕತಾಳೀಯವೇ ಸರಿ.

ಕ್ಯಾಲಿಬ್ರೇಶನ್ (ಗೊತ್ತಿರುವ ವೋಲ್ಟೇಜಿಗೆ ಹೋಲಿಸಿ ಅಳತೆಯನ್ನು ತಿದ್ದುವುದು) ಮಾಡುವ ಮೊದಲು ಒಂದು ವಿಷಯವನ್ನು ಗಮನದಲ್ಲಿಡಿ: ಪ್ರತಿ ಸಲವೂ ಒಂದೇ ರೀತಿಯಲ್ಲಿ ಮರುಕಳಿಸುವ ದೋಷವನ್ನು ಮಾತ್ರ ಕ್ಯಾಲಿಬ್ರೇಶನ್ ತಿದ್ದಬಲ್ಲದು. ಅಳತೆಯಿಂದ ಅಳತೆಗೆ ಹೊಯ್ದಾಡುವ ದೋಷವನ್ನು ಸರ್ಕ್ಯೂಟಿನಲ್ಲಿಯೇ ತಗ್ಗಿಸಬೇಕು. ಆದ್ದರಿಂದ ಎಡಿಸಿ ಪಿನ್ ಮತ್ತು ಗ್ರೌಂಡ್ ನಡುವೆ, ಪಿನ್‌ಗೆ ಆದಷ್ಟು ಹತ್ತಿರದಲ್ಲಿ, 0.1 ಮೈಕ್ರೋಫ್ಯಾರಡ್‌ನ ಸೆರಾಮಿಕ್ ಕೆಪಾಸಿಟರ್ ಹಾಕಿ. ವೈಫೈ ಬಳಸುವುದಾದರೆ ಚಿಪ್‌ನ ಎರಡನೆಯ ಎಡಿಸಿಯಾದ ಎಡಿಸಿ2ರ ಪಿನ್‌ಗಳನ್ನು ಬಿಟ್ಟು 32ರಿಂದ 39ರವರೆಗಿನ ಎಡಿಸಿ1ರ ಪಿನ್‌ಗಳಲ್ಲಿ ಒಂದನ್ನು ಆರಿಸಿಕೊಳ್ಳಿ. 64 ಮಾದರಿಗಳ ಸರಾಸರಿ ತೆಗೆದರೆ ಯಾದೃಚ್ಛಿಕ ಗದ್ದಲ ಸುಮಾರು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಸ್ಥಿರವಾದ ಆಫ್‌ಸೆಟ್ (ಪ್ರತಿ ಅಳತೆಗೂ ಸೇರುವ ಒಂದೇ ಪ್ರಮಾಣದ ವ್ಯತ್ಯಾಸ) ಸಾವಿರ ಮಾದರಿ ತೆಗೆದರೂ ಕದಲುವುದಿಲ್ಲ. ಸರಾಸರಿಯನ್ನೇ ಕ್ಯಾಲಿಬ್ರೇಶನ್ ಎಂದು ಭಾವಿಸುವವರನ್ನು ನಾನು ಆಗಾಗ ಕಾಣುತ್ತೇನೆ.

ಎರಡನೆಯದು ಅಳತೆಯ ವ್ಯಾಪ್ತಿ. 11 ಡೆಸಿಬೆಲ್ ಅಟೆನ್ಯುಯೇಶನ್‌ನಲ್ಲಿ (ಚಿಪ್ ತನ್ನೊಳಗೆ ಸಿಗ್ನಲನ್ನು ತಗ್ಗಿಸಿಕೊಳ್ಳುವ ಸೆಟ್ಟಿಂಗ್) ಈ ಎಡಿಸಿ ನಂಬಿಕೆಗೆ ಅರ್ಹವಾಗಿರುವುದು ಸುಮಾರು 150ರಿಂದ 2450 ಮಿಲಿವೋಲ್ಟ್‌ವರೆಗೆ ಮಾತ್ರ. ಅದರಾಚೆ ಗೆರೆ ಬಾಗುತ್ತದೆ, ಮತ್ತು ಬಾಗಿದ ಗೆರೆಯನ್ನು ಒಂದು ಗುಣಕ ಹಾಗೂ ಒಂದು ಆಫ್‌ಸೆಟ್‌ನಿಂದ ನೆಟ್ಟಗೆ ಮಾಡಲಾಗದು. ಮೇಲೆ 56 ಕಿಲೋಓಮ್, ಕೆಳಗೆ 10 ಕಿಲೋಓಮ್ ಇಟ್ಟರೆ 10.5 ವೋಲ್ಟ್‌ಗೆ ಪಿನ್‌ನಲ್ಲಿ 1.59 ವೋಲ್ಟ್, 14.4 ವೋಲ್ಟ್‌ಗೆ 2.18 ವೋಲ್ಟ್ ಬರುತ್ತದೆ, ಅಂದರೆ ಬ್ಯಾಟರಿಯ ಇಡೀ ಏರಿಳಿತ ನೆಟ್ಟನೆಯ ಭಾಗದಲ್ಲಿಯೇ ಉಳಿಯುತ್ತದೆ. ಶೇಕಡಾ 1ರ ಮೆಟಲ್ ಫಿಲ್ಮ್ ರೆಸಿಸ್ಟರ್‌ಗಳನ್ನೇ ಬಳಸಿ. ಅವುಗಳ ನಿಖರತೆಗಿಂತ ಹೆಚ್ಚಾಗಿ, ಬಿಸಿಲೇರಿದಾಗ ಅವು ಕಡಿಮೆ ಬದಲಾಗುತ್ತವೆ ಎಂಬುದೇ ಇಲ್ಲಿ ಮುಖ್ಯ.

ಇನ್ನು ಕ್ಯಾಲಿಬ್ರೇಶನ್. ಆರ್ಡುಯಿನೊ ಪರಿಸರದಲ್ಲಿ ಅನಲಾಗ್‌ರೀಡ್ ಬದಲು ಅನಲಾಗ್‌ರೀಡ್‌ಮಿಲಿವೋಲ್ಟ್ಸ್ ಫಂಕ್ಷನ್ ಬಳಸಿದರೆ, ಕಾರ್ಖಾನೆಯಲ್ಲಿ ಚಿಪ್‌ನ ಇಫ್ಯೂಸ್‌ಗೆ (ಒಮ್ಮೆ ಮಾತ್ರ ಬರೆಯಬಹುದಾದ ಸ್ಮೃತಿ) ಬರೆದಿಟ್ಟ ರೆಫರೆನ್ಸ್ ಬೆಲೆಯನ್ನು ಅದು ತಾನಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದರ ಮೇಲೆ ನಿಮ್ಮ ಎರಡು-ಬಿಂದು ತಿದ್ದುಪಡಿಯನ್ನು, ಅಂದರೆ ಗೊತ್ತಿರುವ ಎರಡು ವೋಲ್ಟೇಜುಗಳಿಂದ ಲೆಕ್ಕಹಾಕಿದ ಗುಣಕ ಮತ್ತು ಆಫ್‌ಸೆಟ್ಟನ್ನು, ಹೇರಿ. ವೋಲ್ಟೇಜನ್ನು ಪಿನ್‌ಗೆ ನೇರವಾಗಿ ಕೊಡದೆ, ಬ್ಯಾಟರಿ ಸೇರುವ ಟರ್ಮಿನಲ್‌ಗೇ ಕೊಡಬೇಕು. ಆಗ ಡಿವೈಡರ್‌ನ ದೋಷವೂ ಅದೇ ಲೆಕ್ಕದಲ್ಲಿ ಕರಗಿಹೋಗುತ್ತದೆ. ಬೋರ್ಡು ವೈಫೈ ಸಹಿತ ಕೆಲಸ ಮಾಡುತ್ತ ಬೆಚ್ಚಗಾದ ಮೇಲೆ, ಬೆಂಚ್ ಪವರ್ ಸಪ್ಲೈನಿಂದ 10.50 ಮತ್ತು 14.40 ವೋಲ್ಟ್ ಕೊಟ್ಟು ಸರಾಸರಿಗಳನ್ನು ಬರೆದುಕೊಳ್ಳಿ. ಉದಾಹರಣೆಗೆ 1568 ಮತ್ತು 2149 ಮಿಲಿವೋಲ್ಟ್ ಬಂದವು ಎನ್ನೋಣ. 3.90ನ್ನು 581ರಿಂದ ಭಾಗಿಸಿದರೆ ಗುಣಕ 0.0067126, 10.50ರಿಂದ 1568 ಮತ್ತು ಗುಣಕದ ಗುಣಲಬ್ಧವನ್ನು ಕಳೆದರೆ ಆಫ್‌ಸೆಟ್ ಮೈನಸ್ 0.025 ವೋಲ್ಟ್. ಈ ಎರಡು ಸಂಖ್ಯೆಗಳನ್ನು ಕೋಡ್‌ನಲ್ಲಿ ಬರೆಯದೆ ಆಯಾ ಬೋರ್ಡಿನ ಫ್ಲ್ಯಾಶ್ ಮೆಮೊರಿಯಲ್ಲಿ ಉಳಿಸಿ. ನಿಮ್ಮ ಪ್ರಶ್ನೆಯ ಎರಡನೆಯ ಭಾಗಕ್ಕೆ ಇದೇ ಪರಿಹಾರ. ಬಳಿಕ 12.50 ವೋಲ್ಟ್ ಕೊಟ್ಟು ನೋಡಿ. ಕ್ಯಾಲಿಬ್ರೇಟ್ ಮಾಡಿದ ಬಿಂದುಗಳು ಹೇಗೂ ಸರಿಯಾಗಿಯೇ ತೋರುತ್ತವೆ, ಆದ್ದರಿಂದ ನಡುವಿನ ಈ ಬಿಂದುವೇ ನಿಜವಾದ ಪರೀಕ್ಷೆ.

ಮಲ್ಟಿಮೀಟರಿನ ಬಗ್ಗೆಯೂ ಸ್ವಲ್ಪ ಅನುಮಾನ ಇರಲಿ. ಅದರ ಕೈಪಿಡಿಯಲ್ಲಿ 20 ವೋಲ್ಟ್ ರೇಂಜಿಗೆ ಶೇಕಡಾ 0.5 ಮತ್ತು (ಕೊನೆಯ ಸ್ಥಾನದಲ್ಲಿ) 2 ಅಂಕ ಎಂದಿದ್ದರೆ, 12 ವೋಲ್ಟ್‌ನಲ್ಲಿ ಅದು 0.08 ವೋಲ್ಟ್‌ನಷ್ಟು ತಪ್ಪಬಹುದು. ಸುಮ್ಮನಿರುವ ಲೆಡ್-ಆಸಿಡ್ ಬ್ಯಾಟರಿ ಪೂರ್ತಿ ತುಂಬಿದಾಗ ಸುಮಾರು 12.7, ಅರ್ಧವಿದ್ದಾಗ ಸುಮಾರು 12.2 ವೋಲ್ಟ್ ತೋರುವುದರಿಂದ, ಈ ತಪ್ಪು ಚಾರ್ಜ್‌ನ ಲೆಕ್ಕದಲ್ಲಿ ಶೇಕಡಾ 8ರಷ್ಟಾಗುತ್ತದೆ. ಮೀಟರಿಗಿಂತ ನಿಖರವಾಗಿ ಎಡಿಸಿಯನ್ನು ಕ್ಯಾಲಿಬ್ರೇಟ್ ಮಾಡಲು ಸಾಧ್ಯವಿಲ್ಲ. ಅದಕ್ಕಿಂತ ಬಿಗಿಯಾದ ಅಳತೆ ಬೇಕಿದ್ದರೆ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಮೀಟರನ್ನು ಎರವಲು ತರುವುದು ಒಳ್ಳೆಯದು.

ಇಷ್ಟಾದರೂ ತೃಪ್ತಿಯಾಗದಿದ್ದರೆ ಎಡಿಎಸ್1115ರಂಥ 16 ಬಿಟ್‌ನ ಪ್ರತ್ಯೇಕ ಎಡಿಸಿ ಬಳಸಬಹುದು, 4.096 ವೋಲ್ಟ್ ರೇಂಜಿನಲ್ಲಿ ಅದರ ಒಂದು ಹಂತ 125 ಮೈಕ್ರೋವೋಲ್ಟ್. ಆದರೆ ಡಿವೈಡರ್ ಹಾಗೆಯೇ ಉಳಿಯುವುದರಿಂದ, ಮೇಲಿನ ಎರಡು-ಬಿಂದು ಲೆಕ್ಕವನ್ನು ಅಲ್ಲಿಯೂ ಮಾಡಲೇಬೇಕಾಗುತ್ತದೆ.