ಹಳೆಯ ಆಂಪ್ಲಿಫೈಯರ್‌ಗೆ ಕಡಿಮೆ ಖರ್ಚಿನ ಮ್ಯೂಸಿಕ್ ಸ್ಟ್ರೀಮರ್ (ಇಂಟರ್ನೆಟ್‌ನಿಂದ ಹಾಡು ತಂದು ಆಂಪ್ಲಿಫೈಯರ್‌ಗೆ ಕೊಡುವ ಪೆಟ್ಟಿಗೆ) ಬೇಕು. ಏನು ನೋಡಿ ಕೊಳ್ಳಬೇಕು?

ಮೊದಲು ಆಂಪ್ಲಿಫೈಯರ್‌ನ ಹಿಂಬದಿ ನೋಡಿ. ಆಕ್ಸ್ ಅಥವಾ ಸಿಡಿ ಎಂದು ಬರೆದ ಆರ್‌ಸಿಎ ಇನ್‌ಪುಟ್ (ಸಾಮಾನ್ಯವಾಗಿ ಕೆಂಪು-ಬಿಳಿ ಜೋಡಿ ದುಂಡು ಕಿಂಡಿ) ಇದ್ದರೆ ಸಾಕು. ಫೋನೋ ಎಂದಿರುವುದಕ್ಕೆ ಮಾತ್ರ ಜೋಡಿಸಬೇಡಿ: ಅದು ಗ್ರಾಮಫೋನ್ ಪಿನ್ನಿನ ಕ್ಷೀಣ ಸಿಗ್ನಲ್ಲಿಗೆಂದು ಇರುವುದು, ಸ್ಟ್ರೀಮರ್‌ನ ಸುಮಾರು 2 ವೋಲ್ಟ್ ಕೊಟ್ಟರೆ ಧ್ವನಿ ಒಡೆದು, ಬಾಸ್ ಊದಿಕೊಳ್ಳುತ್ತದೆ.

ಬರೀ ಬ್ಲೂಟೂತ್ ರಿಸೀವರನ್ನು ಸ್ಟ್ರೀಮರ್ ಅಂದುಕೊಳ್ಳಬೇಡಿ. ಅದರಲ್ಲಿ ಹಾಡು ಫೋನಿನಿಂದಲೇ ಹರಿಯುತ್ತದೆ, ಸಾಮಾನ್ಯವಾಗಿ ಸಂಕುಚಿತಗೊಂಡು. ಕರೆ ಬಂದರೆ ಹಾಡು ನಿಲ್ಲುತ್ತದೆ. ಸ್ಪಾಟಿಫೈ ಕನೆಕ್ಟ್‌ನಂಥ ಸೌಲಭ್ಯವಿರುವ ಪೆಟ್ಟಿಗೆ ವೈಫೈಯಿಂದ ತಾನೇ ಹಾಡು ಎಳೆದುಕೊಳ್ಳುತ್ತದೆ, ಫೋನು ಬರೀ ರಿಮೋಟ್. ಹಾಗಾಗಿ ನೀವು ಬಳಸುವ ಆ್ಯಪ್‌ಗೆ ಬೆಂಬಲವಿದೆಯೇ ಎಂಬುದೇ ನನ್ನ ಪ್ರಕಾರ ಮೊದಲ ಪ್ರಶ್ನೆ. ಗ್ಯಾಪ್‌ಲೆಸ್, ಅಂದರೆ ಹಾಡುಗಳ ನಡುವೆ ಬಿಡುವಿಲ್ಲದೆ ನುಡಿಸುವ ಸೌಲಭ್ಯ, ಇದೆಯೇ ಅಂತಲೂ ಕೇಳಿ. ಇಲ್ಲದಿದ್ದರೆ ಲೈವ್ ಕಛೇರಿಯ ಆಲ್ಬಂನಲ್ಲಿ ಪ್ರತಿ ಟ್ರ್ಯಾಕಿನ ನಡುವೆ ಕತ್ತರಿ ಬಿದ್ದಂತಾಗುತ್ತದೆ.

24 ಬಿಟ್/192 ಕಿಲೋಹರ್ಟ್ಸ್ ಎಂಬ ಧ್ವನಿ ಗುಣಮಟ್ಟದ ಅಂಕಿಗೆ ಹೆಚ್ಚು ಹಣ ತೆರಬೇಡಿ, ಸಿಡಿಯ 16/44.1 ಕಿವಿಗೆ ಧಾರಾಳ. ಬದಲಿಗೆ ಈಥರ್ನೆಟ್ ಮತ್ತು ಆಪ್ಟಿಕಲ್ ಔಟ್ (ಬೆಳಕಿನ ಮೂಲಕ ಡಿಜಿಟಲ್ ಸಿಗ್ನಲ್ ಕಳಿಸುವ ಕಿಂಡಿ) ಇರುವುದನ್ನು ಆರಿಸಿ. ಮುಂದೆ ಬೇರೆ ಡ್ಯಾಕ್ (ಡಿಜಿಟಲ್ ಸಿಗ್ನಲ್ಲನ್ನು ಅನಲಾಗ್‌ಗೆ ಬದಲಿಸುವ ಸಾಧನ) ತಂದರೆ ಆಪ್ಟಿಕಲ್ ನೆರವಾಗುತ್ತದೆ. ಅದರಲ್ಲಿ ವಿದ್ಯುತ್ ಹರಿಯದ ಕಾರಣ, ಗ್ರೌಂಡ್ ಲೂಪ್‌ನ (ಉಪಕರಣಗಳ ಅರ್ಥಿಂಗ್ ಒಂದಕ್ಕೊಂದು ಸುತ್ತಾಗಿ ಸೇರಿದಾಗಿನ) ಗುಂಯ್ ಸದ್ದೂ ಆ ದಾರಿಯಲ್ಲಿ ಬರುವುದಿಲ್ಲ.

ಜೋಡಿಸಿದ ಮೇಲೆ ಸ್ಟ್ರೀಮರ್‌ನ ವಾಲ್ಯೂಮನ್ನು ಫಿಕ್ಸೆಡ್‌ಗೆ (ಬದಲಾಗದ ಮಟ್ಟಕ್ಕೆ) ಇಟ್ಟು, ಆಂಪ್ಲಿಫೈಯರ್‌ನದನ್ನು ತಗ್ಗಿಸಿಯೇ ಮೊದಲ ಹಾಡು ಹಾಕಿ.