ಯಂತ್ರದ ಆಳ್ವಿಕೆಯಲ್ಲಿ ಮನುಷ್ಯ ತನ್ನತನ ಕಳೆದುಕೊಳ್ಳುವ ಕಥೆಗಳಲ್ಲಿ ಮೊದಲು ಯಾವುದನ್ನು ಓದಲಿ?

ಇ. ಎಂ. ಫಾರ್ಸ್ಟರ್ 1909ರಲ್ಲಿ ಪ್ರಕಟಿಸಿದ ‘ದಿ ಮಷೀನ್ ಸ್ಟಾಪ್ಸ್’ ಓದಿ. ಆಗ ಎಐ ಎಂಬ ಮಾತೇ ಇರಲಿಲ್ಲ, ಆದರೂ ಈಗಿನ ಎಷ್ಟೋ ಕಥೆಗಳಿಗಿಂತ ಜಾಸ್ತಿ ನಾಟುತ್ತದೆ.

ಜನ ನೆಲದಡಿಯ ಕೋಣೆಗಳಲ್ಲಿ ಒಬ್ಬೊಬ್ಬರೇ ಇರುತ್ತಾರೆ. ಗುಂಡಿ ಒತ್ತಿದರೆ ಊಟ, ಹಾಸಿಗೆ, ಸಂಗೀತ ಎಲ್ಲ ಹಾಜರು. ಮಗ ಕ್ಯೂನೋ ಪರದೆಯಲ್ಲಿ ಬಂದು, ನಿನ್ನನ್ನು ಎದುರಿಗೇ ನೋಡಬೇಕಮ್ಮ ಅನ್ನುತ್ತಾನೆ. ತಾಯಿ ವಾಷ್ಟಿಗೆ ಅದು ಅರ್ಥವೇ ಆಗುವುದಿಲ್ಲ. ಮುಖ ಕಾಣ್ತಿದೆ ಅಲ್ವಾ, ಇನ್ನೇನು ಬೇಕು? ಆದರೆ ಮುಖದ ಮೇಲೆ ಸುಳಿಯುವ ಸಣ್ಣ ಭಾವಗಳನ್ನು ಆ ಯಂತ್ರ ದಾಟಿಸುವುದೇ ಇಲ್ಲ.

ಅಲ್ಲಿ ಕಣ್ಣಾರೆ ಕಂಡದ್ದಕ್ಕೆ ಬೆಲೆಯಿಲ್ಲ, ಹತ್ತು ಬಾಯಿ ದಾಟಿ ಬಂದ ಮಾತಿಗೇ ಮರ್ಯಾದೆ. ನನ್ನನ್ನು ತುಂಬಾ ಕಾಡಿದ್ದು ಇದೇ. ಕ್ಯೂನೋನ ಬಂಡಾಯ ಶುರುವಾಗುವುದೂ ಚಿಕ್ಕದಾಗಿ: ಕೋಣೆಯ ಹೊರಗಿನ ಪ್ಲಾಟ್‌ಫಾರ್ಮ್ ಮೇಲೆ ಸುಮ್ನೆ ಅತ್ತಿತ್ತ ನಡೆದು, ಹತ್ತಿರ ಯಾವುದು, ದೂರ ಯಾವುದು ಅಂತ ತನ್ನ ಕಾಲಿನಿಂದಲೇ ಕಲಿಯುತ್ತಾನೆ.