ಬೆಂಗಳೂರು–ಮಂಗಳೂರು ವಿಮಾನ ದೂರ 300 ಕಿ.ಮೀ. ಅಷ್ಟೇ, ಮತ್ತೆ ಒಂದು ಗಂಟೆ ಯಾಕೆ?

ಟಿಕೆಟ್‌ನಲ್ಲಿ ಇರೋದು ಬರೀ ಹಾರಾಟದ ಸಮಯ ಅಲ್ಲ, ಅದಕ್ಕೇ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಮಂಗಳೂರಲ್ಲಿ ಪೂರ್ತಿ ನಿಲ್ಲುವವರೆಗಿನ ಲೆಕ್ಕ ಅದು.

ಗಂಟೆಗೆ 800 ಕಿ.ಮೀ. ಅಂತ ಭಾಗಿಸಿದರೆ 23 ನಿಮಿಷ ಬರುತ್ತದೆ, ನಿಜ. ಆದರೆ ಆ ವೇಗ ಸಿಗೋದು ಸಾಕಷ್ಟು ಮೇಲೇರಿದ ಮೇಲೆ. ಇಷ್ಟು ಹತ್ತಿರದ ಊರಿಗೆ ಏರುವುದು, ಇಳಿಯುವುದರಲ್ಲೇ ಬಹುಪಾಲು ದಾರಿ ಮುಗಿದುಹೋಗುತ್ತದೆ. ಸೀಟ್‌ಬೆಲ್ಟ್ ದೀಪ ಆರಿತು ಅಂತ ಕಾಲು ಚಾಚುವಷ್ಟರಲ್ಲಿ ಇಳಿಯುವ ಘೋಷಣೆ ಬಂದಿರುತ್ತದೆ ಅಲ್ವಾ? ಇನ್ನು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ರನ್‌ವೇವರೆಗೆ ನಿಧಾನವಾಗಿ ಉರುಳುವುದು, ಸರದಿಗೆ ಕಾಯುವುದು, ಇವಕ್ಕೇ ಸುಲಭವಾಗಿ 15 ನಿಮಿಷ ಹೋಗುತ್ತದೆ.

ದೆಹಲಿ ಜೊತೆ ಹೋಲಿಸಿ ನೋಡಿ. ಅದು ಸುಮಾರು 1,700 ಕಿ.ಮೀ., ಅಂದರೆ ಐದು ಪಟ್ಟಿಗೂ ಜಾಸ್ತಿ ದೂರ. ಸಮಯ ಮಾತ್ರ ಎರಡೂಮುಕ್ಕಾಲು ಗಂಟೆಯ ಆಸುಪಾಸು. ನೆಲದ ಮೇಲಿನ ಓಡಾಟ, ಏರಿಳಿತ ಎರಡೂ ಕಡೆ ಹೆಚ್ಚುಕಮ್ಮಿ ಅಷ್ಟೇ. ದೂರ ಬೆಳೆದಂತೆ ಜಾಸ್ತಿಯಾಗುವುದು ಪೂರ್ತಿ ವೇಗದಲ್ಲಿ ಹೋಗುವ ಭಾಗ.

ಇದೇ ಕಾರಣಕ್ಕೆ ರೆಕ್ಕೆಗೆ ಫ್ಯಾನ್ ಇರುವ ಎಟಿಆರ್ ವಿಮಾನ ಗಂಟೆಗೆ 500 ಕಿ.ಮೀ. ಆಸುಪಾಸಿನಲ್ಲೇ ಹೋದರೂ ಈ ದಾರಿಯಲ್ಲಿ ದೊಡ್ಡ ಜೆಟ್‌ಗಿಂತ ತೀರಾ ತಡವೇನೂ ಆಗಲ್ಲ. ಮಳೆಗಾಲದಲ್ಲಿ ಮಾತ್ರ ಸ್ವಲ್ಪ ಹುಷಾರು: ಗುಡ್ಡದ ಮೇಲಿರುವ ಮಂಗಳೂರಿನ ಬಜ್ಪೆ ರನ್‌ವೇಗೆ ಮೋಡ ಕವಿದರೆ ಮೇಲೇ ಸುತ್ತು ಹೊಡೆಯಬೇಕಾಗಬಹುದು.